ಮತಪತ್ರದ ಮೇಲೆ ‘ನಾಳೆ ಬಾ’

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದನ್ನು ಕಂಡವರಿಗೆ ಅದರ ಹಿಂದಿನ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿಯ ಹೊತ್ತು ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆದು ಬಾಗಿಲು ತಟ್ಟುತ್ತಿತ್ತಂತೆ. ಓದುಬರಹ ಬಲ್ಲ ಆ ದೆವ್ವ ಬಾಗಿಲ ಮೇಲಿನ ಎರಡು ಪದಗಳನ್ನು ಓದಿಕೊಂಡು, ತಾಲ್ಲೂಕು ಕಚೇರಿಯಿಂದ ಮರಳುವ ಅರ್ಜಿದಾರನಂತೆ ಸುಮ್ಮನೆ ಹಿಂದಿರುಗುತ್ತಿತ್ತಂತೆ. ಮರುದಿನ ಬಂದರೆ ಅದೇ ಬರಹ ಮತ್ತೆ ಅದನ್ನು ಸ್ವಾಗತಿಸುತ್ತಿತ್ತಂತೆ. ನಮ್ಮ ಮನೆಯ ಬಾಗಿಲ ಮೇಲೆ ಅದನ್ನು ಬರೆದವನು ನಾನೇ. ಅಕ್ಷರ ದುಂಡಗಿದ್ದುದರಿಂದ ಎದುರುಮನೆಯವರೂ ನನ್ನಿಂದಲೇ ಬರೆಸಿಕೊಂಡಿದ್ದರು. ಈಗ ಕ್ಯಾಲಿಫೋರ್ನಿಯಾದ ಮತದಾರನಾಗಿ ಎರಡು ವರ್ಷಕ್ಕೊಮ್ಮೆ ಅದೇ ಬರಹವನ್ನು ಕಪ್ಪು ಶಾಯಿಯಲ್ಲಿ ಬರೆಯುತ್ತಿದ್ದೇನೆ ಎಂಬುದು ನನಗೆ ಹೊಳೆದದ್ದು 2024ರ ಅಕ್ಟೋಬರ್ 31ರ ಸಂಜೆ.

ಆ ವಾರದ ಪಂಚಾಂಗವೇ ಹಾಗಿತ್ತು. ಅಮೆರಿಕದ ಅಧ್ಯಕ್ಷ ಚುನಾವಣೆ ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನ, ಮಂಗಳವಾರವೇ ನಡೆಯಬೇಕೆಂದು 1845ರಲ್ಲಿ ಕಾನೂನಾಗಿದೆ. ಭಾನುವಾರ ಚರ್ಚು, ಬುಧವಾರ ಸಂತೆ, ನಡುವೆ ರೈತನು ಕುದುರೆಗಾಡಿ ಕಟ್ಟಿಕೊಂಡು ಊರು ಸೇರಬೇಕು ಎಂಬ ಲೆಕ್ಕಾಚಾರದ ಫಲವಾಗಿ, ಕುದುರೆಯೂ ಗಾಡಿಯೂ ಇಲ್ಲದ ನಾವು ಇಂದಿಗೂ ಮಂಗಳವಾರ, ಕಚೇರಿಗೆ ಸಾರ್ವತ್ರಿಕ ರಜೆಯಿಲ್ಲದ ದಿನ, ಮತ ಹಾಕುತ್ತೇವೆ. ಈ ಲೆಕ್ಕದ ಪ್ರಕಾರ, ಮಕ್ಕಳು ದೆವ್ವದ ವೇಷ ಹಾಕುವ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬ ಮತದಾನಕ್ಕೆ ಎರಡರಿಂದ ಎಂಟು ದಿನ ಮೊದಲು ಬಂದೇ ತೀರುತ್ತದೆ. 2024ರಲ್ಲಂತೂ ಅದೇ ದಿನ ನರಕ ಚತುರ್ದಶಿ, ಮರುದಿನ ರಾಜ್ಯೋತ್ಸವ, 3ರಂದು ಚಳಿಗಾಲಕ್ಕೆಂದು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಕಾರ್ಯಕ್ರಮ, 5ರಂದು ಮತದಾನ. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದವನು ಸಂಜೆ ಬಾಗಿಲ ಒಂದು ಬದಿಗೆ ಹಣತೆಯನ್ನೂ ಇನ್ನೊಂದು ಬದಿಗೆ ಹಲ್ಲು ಕಿಸಿದ ಸಿಹಿಗುಂಬಳವನ್ನೂ ಇಟ್ಟು, ಊಟದ ಮೇಜಿನ ಮೇಲೆ ಅಂಚೆಯಲ್ಲಿ ಮನೆಗೇ ಬಂದ ಮತಪತ್ರವನ್ನು ಹರಡಿಕೊಂಡು ಕುಳಿತೆ. ಮತಪತ್ರದ ಎಡಕ್ಕೆ ಚಕ್ಕುಲಿ ಡಬ್ಬ, ಬಲಕ್ಕೆ ಮಕ್ಕಳಿಗೆ ಹಂಚುವ ಚಾಕೊಲೇಟಿನ ಬೋಗುಣಿ.

ಮೈಸೂರಿನಲ್ಲಿ ಆಗಲೇ ರಾಜ್ಯೋತ್ಸವದ ಬೆಳಗು. ವಿಡಿಯೊ ಕರೆಯಲ್ಲಿ ಅಮ್ಮನಿಗೆ ಬಾಗಿಲನ್ನು ತೋರಿಸಿ, ಹೊರಗೆ ದೀಪ ಉರಿಯುತ್ತಿರುವ ಮನೆಗಳಿಗೆ ಮಾತ್ರ ದೆವ್ವದ ವೇಷದ ಮಕ್ಕಳು ಬರುತ್ತಾರೆ, ದೀಪ ಆರಿಸಿದರೆ ಮುಂದಿನ ಮನೆಗೆ ಹೋಗುತ್ತಾರೆ ಎಂದು ಇಲ್ಲಿನ ಸಂಪ್ರದಾಯವನ್ನು ವಿವರಿಸಿದೆ. “ಅಲ್ವೋ, ನಾವು ದೀಪ ಹಚ್ಚೋದು ಲಕ್ಷ್ಮಿ ಬರ್ಲಿ ಅಂತ. ನಿಮ್ಮೂರಲ್ಲಿ ದೀಪ ಹಚ್ಚಿದ್ರೆ ದೆವ್ವ ಬರತ್ತಾ?” ಎಂದರು. ಅಷ್ಟರಲ್ಲಿ ಅವರ ಕಣ್ಣು ಮೇಜಿನ ಮೇಲಿದ್ದ ಹಾಳೆಗಳ ಮೇಲೆ ಬಿದ್ದು, “ಅದೇನು, ಮತ್ತೆ ಪರೀಕ್ಷೆಗೆ ಕಟ್ಟಿದೀಯಾ?” ಎಂದು ಕೇಳಿದರು.

ಅವರ ಅನುಮಾನ ತಪ್ಪಲ್ಲ. ಏಪ್ರಿಲ್ 26ರಂದು ಅವರು ಲೋಕಸಭೆಗೆ ಮತ ಹಾಕಿದ್ದರು. ಸಾಲಿನಲ್ಲಿ ನಿಂತು, ತಮ್ಮೂರಿನ ಕಾರ್ಖಾನೆಯಲ್ಲೇ ತಯಾರಾದ ಶಾಯಿಯನ್ನು ಎಡಗೈ ತೋರುಬೆರಳಿಗೆ ಹಾಕಿಸಿಕೊಂಡು, ಒಂದು ಗುಂಡಿ ಒತ್ತಿ, ಗಾಜಿನ ಹಿಂದೆ ಏಳು ಸೆಕೆಂಡು ಚೀಟಿಯ ದರ್ಶನ ಮಾಡಿ, ತಿಂಡಿಯ ಹೊತ್ತಿಗೆ ಮನೆಗೆ ಬಂದಿದ್ದರು. ನನ್ನದಾದರೋ ಅಧ್ಯಕ್ಷರಿಂದ ಆರಂಭವಾಗಿ ನೀರಾವರಿ ಮಂಡಳಿಯ ನಿರ್ದೇಶಕರವರೆಗೆ ಇಳಿಯುವ ಪತ್ರ. ಅದರಲ್ಲಿ ಸೆನೆಟ್ಟಿನ ಒಂದೇ ಸ್ಥಾನಕ್ಕೆ ಆಡಂ ಶಿಫ್ ಮತ್ತು ಸ್ಟೀವ್ ಗಾರ್ವಿ ಎಂಬ ಅದೇ ಇಬ್ಬರ ಹೆಸರು ಎರಡು ಕಡೆ ಅಚ್ಚಾಗಿತ್ತು. ಒಂದು ಮತ ಜನವರಿ 3ರಿಂದ ಆರು ವರ್ಷಗಳಿಗೆ, ಇನ್ನೊಂದು ಅದಕ್ಕೆ ಮುಂಚಿನ ಕೆಲವೇ ವಾರಗಳಿಗೆ. ಆರು ವರ್ಷಕ್ಕೆ ಒಬ್ಬರನ್ನೂ ಆರೆಂಟು ವಾರಕ್ಕೆ ಇನ್ನೊಬ್ಬರನ್ನೂ ಆರಿಸುವ ಸ್ವಾತಂತ್ರ್ಯವನ್ನು ಸಂವಿಧಾನವು ನನಗೆ ಕೊಟ್ಟಿತ್ತು. ಮದುವೆಗೆ ಒಬ್ಬ ಪುರೋಹಿತರು, ಅಕ್ಷತೆ ಹಾಕುವುದಕ್ಕೆ ಮಾತ್ರ ಮತ್ತೊಬ್ಬರು ಎಂಬಂತೆ.

ಇವೆಲ್ಲ ಸಹಿಸಬಹುದಾದದ್ದು. ಪತ್ರದ ಇನ್ನೊಂದು ಭಾಗದಲ್ಲಿ ‘ಪ್ರಾಪ್’ ಎಂದು ಇಲ್ಲಿ ಕರೆಯುವ ಪ್ರಸ್ತಾವಗಳಿದ್ದವು, ಒಟ್ಟು 10. ಇವು ಶಾಸಕರು ಮಾಡಬೇಕಾದ, ಅಥವಾ ಮಾಡಲಾರದೆ ಕೈಬಿಟ್ಟ, ಅಥವಾ ಮಾಡಿಬಿಟ್ಟಾರೆಂದು ಯಾರೋ ಹೆದರಿದ ಕಾನೂನುಗಳು. ಇವುಗಳಿಗೆ ಹೌದು ಅಥವಾ ಇಲ್ಲ ಎಂದು ನಾನು ತೀರ್ಪು ಕೊಡಬೇಕು. ನಾನು ಪೌರತ್ವಕ್ಕೆ ಅರ್ಜಿ ಹಾಕಿದಾಗ 100 ಪ್ರಶ್ನೆಗಳ ಪಟ್ಟಿ ಕೊಟ್ಟಿದ್ದರು; ಅದರಲ್ಲಿ 10 ಕೇಳಿ, 6ಕ್ಕೆ ಸರಿಯುತ್ತರ ಬಂದರೆ ತೇರ್ಗಡೆ. ಅಧ್ಯಕ್ಷರಿಗೆ ಮತ ಹಾಕುವುದು ಯಾವ ತಿಂಗಳು ಎಂಬುದೂ ಆ ಪಟ್ಟಿಯಲ್ಲಿತ್ತು. ಡಯಾಲಿಸಿಸ್ ಕೇಂದ್ರದಲ್ಲಿ ವೈದ್ಯರು ಖುದ್ದಾಗಿ ಹಾಜರಿರಬೇಕೇ ಬೇಡವೇ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ಇದ್ದಿದ್ದರೆ ನಾನಿನ್ನೂ ಗ್ರೀನ್ ಕಾರ್ಡಿನಲ್ಲೇ ಇರುತ್ತಿದ್ದೆ.

ಈ ಡಯಾಲಿಸಿಸ್ ದೆವ್ವದ ಕಥೆಯನ್ನು ಸ್ವಲ್ಪ ಹೇಳಲೇಬೇಕು. 2018ರಲ್ಲಿ ಅದು ಪ್ರಾಪ್ 8 ಎಂಬ ರೂಪ ತಳೆದು ಬಂದು, ಆ ಕೇಂದ್ರಗಳ ಲಾಭಕ್ಕೆ ಮಿತಿ ಹಾಕಲೇ ಎಂದು ಕೇಳಿತು. ಒಂದು ಕಡೆ ಆರೋಗ್ಯ ಕಾರ್ಮಿಕರ ಸಂಘ, ಇನ್ನೊಂದು ಕಡೆ ಡಯಾಲಿಸಿಸ್ ಕಂಪನಿಗಳು. ಬೇಡವೆನ್ನಿಸುವುದಕ್ಕೇ 11 ಕೋಟಿ ಡಾಲರ್ ಖರ್ಚಾಯಿತು. ಬೇಡವೆಂದೆವು. 2020ರಲ್ಲಿ ಪ್ರಾಪ್ 23 ಆಗಿ ಬಂದು ವೈದ್ಯರಿರಲಿ ಎಂದಿತು. ಬೇಡವೆಂದೆವು. 2022ರಲ್ಲಿ ಪ್ರಾಪ್ 29 ಆಗಿ ಬಂದು ವೈದ್ಯರೋ, ತರಬೇತಿಯುಳ್ಳ ನರ್ಸೋ, ಯಾರಾದರೊಬ್ಬರು ಇರಲಿ ಎಂದು ತುಸು ಚೌಕಾಶಿಗಿಳಿಯಿತು. ಆಗಲೂ ಬೇಡವೆಂದೆವು, ಮೊದಲಿಗಿಂತ ಜೋರಾಗಿ. ಮನೆ ಬಾಡಿಗೆ ನಿಯಂತ್ರಣದ ಪ್ರಸ್ತಾವವೂ ಇದೇ ಕುಲದ್ದು. 2018ರಲ್ಲಿ ಪ್ರಾಪ್ 10, 2020ರಲ್ಲಿ ಪ್ರಾಪ್ 21. ಎರಡು ಸಲವೂ ನೂರಕ್ಕೆ ಸುಮಾರು 60 ಮಂದಿ ಇಲ್ಲವೆಂದಿದ್ದರು. ಆ ಸಂಜೆ ಅದು ಪ್ರಾಪ್ 33 ಎಂಬ ಹೆಸರಿನಲ್ಲಿ ನನ್ನ ಮೇಜಿನ ಮೇಲೆ ಮಲಗಿತ್ತು. ಮತಪತ್ರದಲ್ಲಿ ‘ಇಲ್ಲ’ ಎಂಬುದರ ಪಕ್ಕ ನಾವು ಶಾಯಿ ತುಂಬಿದ ಅಂಡಾಕಾರವನ್ನು ಅದು ‘ನಾಳೆ ಬಾ’ ಎಂದು ಓದಿಕೊಳ್ಳುತ್ತದೆಂಬುದು ನನಗೆ ಖಚಿತವಾದದ್ದು ಆಗಲೇ. ನಾಳೆ ಎಂದರೆ ಕ್ಯಾಲಿಫೋರ್ನಿಯಾದ ದೆವ್ವಗಳ ಲೆಕ್ಕದಲ್ಲಿ ಎರಡು ವರ್ಷ. ಬಾಡಿಗೆಯ ದೆವ್ವ ಮಾತ್ರ ಒಂದು ಚುನಾವಣೆ ತಪ್ಪಿಸಿಕೊಂಡಿತ್ತು, ಬಹುಶಃ ಮನೆ ಬದಲಾಯಿಸುತ್ತಿತ್ತು.

ಕರೆಗಂಟೆ ಬಾರಿಸಿತು. ಮೂಳೆ ಚಿತ್ರದ ಅಂಗಿ ತೊಟ್ಟ ಒಬ್ಬ ಹುಡುಗ, ಮಾಟಗಾತಿಯ ಟೋಪಿಯ ಇಬ್ಬರು ಹುಡುಗಿಯರು, ಹಿಂದೆ ಕೈಯಲ್ಲಿ ಟಾರ್ಚ್ ಹಿಡಿದ ಅಪ್ಪ. ಕೊಡುತ್ತೀರೋ, ಕಾಡಬೇಕೋ ಎಂಬರ್ಥದ ತಮ್ಮ ಮಾಮೂಲು ಬೆದರಿಕೆಯನ್ನು ಮಕ್ಕಳು ಅತ್ಯಂತ ವಿನಯದಿಂದ ಹಾಕಿದರು. ಮೂಳೆಯ ಹುಡುಗ ಬೋಗುಣಿಯೊಳಗೆ ಬಹಳ ಹೊತ್ತು ಕೈಯಾಡಿಸಿ, ತನಗೆ ಬೇಕಾದದ್ದೊಂದನ್ನೇ ತೆಗೆದುಕೊಂಡು, ಇನ್ನೊಂದನ್ನು ತಾನಾಗಿ ಮರಳಿ ಹಾಕಿದ. ನಮ್ಮೂರಿಗೆ ಬರುತ್ತಿದ್ದ ಹಗಲುವೇಷದವರ ನೆನಪಾಯಿತು. ಅವರು ಮೊರದಷ್ಟು ಅಕ್ಕಿ ಹಾಕಿಸಿಕೊಂಡು, ಹರಸಿ, ಮುಂದಿನ ಮನೆಗೆ ಹೋಗುತ್ತಿದ್ದರು; ಬಂದದ್ದು ರಾಮನಲ್ಲ, ಬಣ್ಣ ಬಳಿದುಕೊಂಡ ಮನುಷ್ಯ ಎಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು.

ಇದೇ ವಾರ ನಮ್ಮ ಟಪಾಲುಪೆಟ್ಟಿಗೆಗೆ ಬರುವ ವೇಷಗಳಿಗೆ ಆ ಸೌಜನ್ಯವಿಲ್ಲ. ಹೊಳೆಯುವ ದಪ್ಪ ಕಾಗದದ ಮೇಲೆ ಒಬ್ಬ ನರ್ಸ್, ಒಬ್ಬ ಅಗ್ನಿಶಾಮಕ ಸಿಬ್ಬಂದಿ, ಅಥವಾ ಅಡುಗೆಮನೆಯಲ್ಲಿ ಬಿಲ್ಲು ಹಿಡಿದು ಚಿಂತಿಸುವ ಅಜ್ಜಿ ನನ್ನನ್ನೇ ನೋಡುತ್ತಿರುತ್ತಾರೆ. ದೆವ್ವ ಮನೆಯವರ ದನಿಯಲ್ಲಿ ಕರೆಯುತ್ತದೆ ಎಂದು ಹಿರಿಯರು ಎಚ್ಚರಿಸಿದ್ದು ಇದನ್ನೇ ಇರಬೇಕು. ದುಡ್ಡು ಕೊಟ್ಟವರಲ್ಲಿ ಮೊದಲ ಮೂವರ ಹೆಸರನ್ನು ಜಾಹೀರಾತಿನಲ್ಲೇ ಹಾಕಬೇಕೆಂಬ ಕಾನೂನು ಇಲ್ಲಿರುವುದರಿಂದ, ಅಜ್ಜಿಯ ಕಾಲ ಬುಡದಲ್ಲಿ ಕನ್ನಡಕವಿದ್ದವರಿಗೆ ಕಾಣುವಷ್ಟು ಅಕ್ಷರದಲ್ಲಿ ಅವರ ಹೆಸರುಗಳಿರುತ್ತವೆ. ನಮ್ಮಲ್ಲಿ ದೆವ್ವದ ಪಾದ ಹಿಂದುಮುಂದಾಗಿರುತ್ತದೆ, ಮುಖ ನೋಡಿ ಮೋಸಹೋಗದೆ ಕಾಲು ನೋಡಬೇಕು ಎನ್ನುತ್ತಾರಲ್ಲ, ಇಲ್ಲಿಯೂ ಅದೇ ಪರೀಕ್ಷೆ.

ಇಷ್ಟೆಲ್ಲ ದೆವ್ವಗಳನ್ನು ಎಬ್ಬಿಸುವ ವಿದ್ಯೆ 1911ರಲ್ಲಿ, ಹೈರಂ ಜಾನ್ಸನ್ ರಾಜ್ಯಪಾಲರಾಗಿದ್ದಾಗ ಬಂದದ್ದು. (ಇಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಕೆಲಸ ಮಾಡುವವರು, ಜನರೇ ಆರಿಸುವವರು.) ಅಂದಿನ ರಾಜಕೀಯವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ರೈಲ್ವೆ ಕಂಪನಿಯನ್ನು ಮಣಿಸಲು ಕಾನೂನು ಮಾಡುವ ಅಧಿಕಾರವನ್ನು ನೇರವಾಗಿ ಜನರಿಗೇ ಕೊಟ್ಟರು. ಕಂಪನಿಗಳು ಆ ಮಂತ್ರವನ್ನು ಬೇಗ ಕಲಿತವು. 2020ರಲ್ಲಿ ಆ್ಯಪ್ ಆಧಾರಿತ ಟ್ಯಾಕ್ಸಿ ಮತ್ತು ಡೆಲಿವರಿ ಕಂಪನಿಗಳು ತಮ್ಮ ಚಾಲಕರನ್ನು ನೌಕರರೆಂದು ಕರೆಯದಿರುವ ಹಕ್ಕಿಗಾಗಿ ಪ್ರಾಪ್ 22ರ ಮೇಲೆ ಸುರಿದದ್ದು 20 ಕೋಟಿ ಡಾಲರಿಗೂ ಹೆಚ್ಚು. ಆದರೆ ಆರಂಭದ ಶುಲ್ಕ ಕೇವಲ 2,000 ಡಾಲರ್, ಪ್ರಸ್ತಾವ ಮತಪತ್ರಕ್ಕೆ ಅರ್ಹವಾದರೆ ಅದೂ ವಾಪಸ್. ಆಮೇಲೆ ಬೇಕಾದದ್ದು ಸಹಿಗಳು: 2024ರಲ್ಲಿ ಸಾಮಾನ್ಯ ಕಾನೂನೊಂದಕ್ಕೆ 5,46,651.

ಈ ಸಂಖ್ಯೆಯ ಕೊನೆಯ ಒಂದು ನಾನೇ ಇರಬಹುದು. ವರ್ಷದ ಹಿಂದೆ ದಿನಸಿ ಅಂಗಡಿಯ ಮುಂದೆ, ಒಂದು ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು, ಇನ್ನೊಂದು ಕೈಯಲ್ಲಿ ಅಳುವ ಮಗಳು ಇದ್ದಾಗ, ಅಟ್ಟೆಗೆ ಹಾಳೆ ಸಿಕ್ಕಿಸಿಕೊಂಡು ನಿಂತಿದ್ದ ಯುವಕನೊಬ್ಬ, ಬಾಡಿಗೆ ಜಾಸ್ತಿಯಾಯಿತೆಂದು ನಿಮಗೂ ಅನಿಸುವುದಿಲ್ಲವೇ ಎಂದು ಕೇಳಿದ್ದ. ಅನಿಸದವರು ಈ ರಾಜ್ಯದಲ್ಲಿ ಯಾರಿದ್ದಾರೆ? ಸಹಿ ಹಾಕಿ ಪಾರಾದೆ. ಪ್ರತಿ ಸಹಿಗೆ ಇಷ್ಟು ಎಂದು ಅವನಿಗೆ ಸಂದಾಯವಾಗುತ್ತದೆಂಬುದನ್ನು ತಿಳಿದದ್ದು ಆಮೇಲೆ. ಈಗ ಅದೇ ಪ್ರಸ್ತಾವದ ಮುಂದೆ ಪೆನ್ನು ಹಿಡಿದು ಕುಳಿತಾಗ, ಕರೆತಂದವನೂ ನಾನೇ, ಬಾಗಿಲ ಮೇಲೆ ಬರೆಯಬೇಕಾದವನೂ ನಾನೇ ಎಂಬ ಸ್ಥಿತಿಯಾಗಿತ್ತು.

ದೆವ್ವಗಳಿಗೆ ಪ್ರತಿದೆವ್ವವೂ ಉಂಟು. ಅದೇ ಪತ್ರದಲ್ಲಿ ಮುಂದಿನ ಸಂಖ್ಯೆಯೇ ಪ್ರಾಪ್ 34. ರಿಯಾಯಿತಿ ದರದ ಔಷಧಗಳಿಂದ ಬರುವ ಹಣದ ನೂರಕ್ಕೆ 98 ಭಾಗವನ್ನು ರೋಗಿಗಳ ಆರೈಕೆಗೇ ಖರ್ಚು ಮಾಡಬೇಕೆಂದು ಅದು ಕೆಲವು ಆರೋಗ್ಯ ಸಂಸ್ಥೆಗಳಿಗೆ ವಿಧಿಸುತ್ತದೆ. ಯಾವ ಸಂಸ್ಥೆಗಳಿಗೆ? ಹತ್ತು ವರ್ಷದಲ್ಲಿ 10 ಕೋಟಿ ಡಾಲರಿಗಿಂತ ಹೆಚ್ಚನ್ನು ಆರೈಕೆಯಲ್ಲದ ಬಾಬತ್ತುಗಳಿಗೆ ಖರ್ಚು ಮಾಡಿರಬೇಕು, ಜೊತೆಗೆ ಕನಿಷ್ಠ 500 ಗಂಭೀರ ಲೋಪಗಳಿರುವ ವಸತಿ ಕಟ್ಟಡಗಳನ್ನೂ ನಡೆಸಿರಬೇಕು. ಬಾಡಿಗೆ ನಿಯಂತ್ರಣದ ಮೂರೂ ಪ್ರಸ್ತಾವಗಳಿಗೆ ಹಣ ಹಾಕಿದ್ದ ಆರೋಗ್ಯ ಸಂಸ್ಥೆಯ ಜಾತಕವನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆದಂತಿತ್ತು. ಇದರ ಖರ್ಚು ಹೊತ್ತದ್ದು ಬಾಡಿಗೆ ಮನೆಗಳ ಮಾಲೀಕರ ಸಂಘ. ಎರಡು ಮನೆಗಳ ಜಗಳಕ್ಕೆ ಇಡೀ ರಾಜ್ಯದ ಮತದಾರರನ್ನು ಪಂಚಾಯಿತಿಗೆ ಕೂರಿಸಿದ್ದರು. ಪ್ರಾಪ್ 33 ಸೋತಿತು, ಪ್ರಾಪ್ 34 ಕೂದಲೆಳೆಯಲ್ಲಿ ಗೆದ್ದಿತು.

ಫಲಿತಾಂಶದಲ್ಲಿ ನನಗೆ ನಗು ಬಾರದ ಒಂದು ಸಂಗತಿಯಿತ್ತು. ಸೆರೆಮನೆಯಲ್ಲಿ ಶಿಕ್ಷೆಯಾಗಿ ಬಲವಂತದ ದುಡಿಮೆ ಮಾಡಿಸುವುದನ್ನು ನಿಷೇಧಿಸುವ ಪ್ರಾಪ್ 6ರ ವಿರುದ್ಧ ಸರ್ಕಾರದ ಅಧಿಕೃತ ಕೈಪಿಡಿಯಲ್ಲಿ ಯಾರೂ ಒಂದು ಸಾಲಿನ ವಾದವನ್ನೂ ಸಲ್ಲಿಸಿರಲಿಲ್ಲ. ಆ ಜಾಗ ಖಾಲಿಯಿತ್ತು. ಅದೂ ಸೋತಿತು. ಅಷ್ಟು ದುಡ್ಡು ಸುರಿದವರ ನಡುವೆ, ಯಾರೂ ಬಾಯಿಬಿಟ್ಟು ಬೇಡವೆನ್ನದೆಯೂ ಬೇಡವಾದದ್ದು ಅದೊಂದೇ.

ಕರೆದರೂ ಬಾರದ ದೆವ್ವದ ಕಥೆ ಬೇರೆಯೇ ಇದೆ. ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವ ಪದ್ಧತಿಯನ್ನು ನಿಲ್ಲಿಸಲು ದಾರಿ ಮಾಡಿಕೊಡುವ ಪ್ರಾಪ್ 7ಕ್ಕೆ 2018ರಲ್ಲಿ ನೂರಕ್ಕೆ ಸುಮಾರು 60 ಮಂದಿ ಹೌದೆಂದೆವು. ಅದಕ್ಕೆ ವಾಷಿಂಗ್ಟನ್ನಿನ ಒಪ್ಪಿಗೆಯೂ ಬೇಕಂತೆ. ಆದ್ದರಿಂದ ನವೆಂಬರ್ 3ರ ಬೆಳಿಗ್ಗೆ ಕುರ್ಚಿ ಹತ್ತಿ ಗೋಡೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ. ಅಡುಗೆಮನೆಯ ಒಲೆಯ ಗಡಿಯಾರವನ್ನು ತಿರುಗಿಸುವ ವಿಧಾನ ತಿಳಿಯದೆ, ಅದನ್ನು ಮಾರ್ಚ್‌ವರೆಗೆ ತಪ್ಪಾಗಿರಲು ಬಿಟ್ಟೆ.

ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಕಾಟ ಮಾತ್ರ ನಮಗಿಲ್ಲ. ಅಧ್ಯಕ್ಷರನ್ನು ಕೊನೆಗೆ ಆರಿಸುವ ಪ್ರತಿನಿಧಿಗಳಾದ ಎಲೆಕ್ಟರುಗಳು 54 ಮಂದಿಯಿರುವ ಈ ರಾಜ್ಯದ ಫಲಿತಾಂಶ ಮೊದಲೇ ಗೊತ್ತಿರುವುದರಿಂದ ಅವರು ಇಲ್ಲಿಗೆ ಬರುವುದು ಹೆಚ್ಚಾಗಿ ದೇಣಿಗೆಗೇ. 19 ಎಲೆಕ್ಟರುಗಳ ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಸ್ನೇಹಿತನ ಮನೆಗೆ ಎರಡೂ ಪಕ್ಷದ ಕಾರ್ಯಕರ್ತರು ಅಕ್ಟೋಬರ್ ಪೂರ್ತಿ ಎಷ್ಟು ಸಲ ಬಂದರೆಂದರೆ, ಹ್ಯಾಲೋವೀನ್ ಸಂಜೆ ಅವನು ದೀಪ ಆರಿಸಿ, ಚಾಕೊಲೇಟನ್ನು ತಾನೇ ತಿನ್ನುತ್ತ ಕತ್ತಲಲ್ಲಿ ಕೂತಿದ್ದನಂತೆ.

ನಾನು ಆ ರಾತ್ರಿ ಎಲ್ಲ ಅಂಡಾಕಾರಗಳನ್ನೂ ತುಂಬಿ, ಲಕೋಟೆಯ ಮೇಲೆ ಕಡತದಲ್ಲಿರುವ ಸಹಿಗೆ ಹೊಂದುವಂತೆ ಎಚ್ಚರದಿಂದ ಸಹಿ ಮಾಡಿ, ಮಾರನೆಯ ದಿನ ಗ್ರಂಥಾಲಯದ ಮುಂದಿನ ಪೆಟ್ಟಿಗೆಗೆ ಹಾಕಿ ಬಂದೆ. ಲಕೋಟೆಯ ಜೊತೆ ಬಂದಿದ್ದ ‘ನಾನು ಮತ ಹಾಕಿದೆ’ ಎಂಬ ಸ್ಟಿಕರನ್ನು ಮಗಳು ಆಗಲೇ ಕುಂಬಳಕಾಯಿಯ ಹಣೆಗೆ ಅಂಟಿಸಿದ್ದಳು.

ಮುಂದಿನ ವಸಂತದಲ್ಲಿ ಅದೇ ದಿನಸಿ ಅಂಗಡಿಯ ಮುಂದೆ ಅದೇ ಅಟ್ಟೆಯ ಯುವಕ ಎದುರಾದ. ಈ ಬಾರಿ ನಾನು ಸಿದ್ಧನಾಗಿಯೇ ಇದ್ದೆ. ಇಂದು ಅವಸರವಿದೆ, ನಾಳೆ ಹಾಕುತ್ತೇನೆ ಎಂದು ನಗುತ್ತ ಹೇಳಿ ಕಾರಿನತ್ತ ನಡೆದೆ. ಮರುದಿನ ಮೊಸರು ಮುಗಿದಿತ್ತು. ಅಂಗಡಿಯಿಂದ ಹೊರಗೆ ಬರುವಾಗ ಅವನು ಬಾಗಿಲ ಪಕ್ಕದಲ್ಲೇ ನಿಂತಿದ್ದ. ನಿನ್ನೆ ನಾಳೆ ಎಂದಿದ್ದಿರಿ ಎಂದ, ಯಾವ ಸಿಟ್ಟೂ ಇಲ್ಲದೆ. ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಎಡಗೈಗೆ ಬದಲಿಸಿ ಪೆನ್ನು ತೆಗೆದುಕೊಂಡೆ.