ಅಕ್ಕ-ತಂಗಿಯರ ಹೊಟ್ಟೆಕಿಚ್ಚು: ಧಾರಾವಾಹಿಗೆ ಇದು ಬೇಕಾ?

ಪರ: ಬೇಕು, ಮುಚ್ಚಿಟ್ಟಿದ್ದು ಹೊರಗೆ ಬರಲಿ

ಅಕ್ಕ-ತಂಗಿ ಅಂದ್ರೆ ಪ್ರೀತಿ ಅಲ್ವಾ, ಸೀರಿಯಲ್ಲಿನವರು ಯಾಕೆ ಹೀಗೆ ಕಚ್ಚಾಡಿಸುತ್ತಾರೆ ಎಂದು ಕೇಳುವವರು ಮಹಾಭಾರತದ ಆದಿಪರ್ವವನ್ನು ಒಮ್ಮೆ ತೆರೆದು ನೋಡಬೇಕು.

ಕದ್ರು, ವಿನತೆ ಇಬ್ಬರೂ ದಕ್ಷನ ಮಕ್ಕಳು. ಇಬ್ಬರಿಗೂ ಕಶ್ಯಪನೇ ಗಂಡ. ಕದ್ರು ಸಾವಿರ ಮಕ್ಕಳನ್ನು ಕೇಳಿದಳು. ವಿನತೆ ನನಗೆ ಇಬ್ಬರೇ ಸಾಕು, ಆದರೆ ಅವಳ ಮಕ್ಕಳಿಗಿಂತ ಬಲಶಾಲಿಗಳಾಗಿರಲಿ ಎಂದಳು. ಪೈಪೋಟಿ ಅಲ್ಲೇ ಶುರು. ಕದ್ರುವಿನ ಮೊಟ್ಟೆಗಳು ಮೊದಲು ಒಡೆದವು. ತನ್ನವು ಇನ್ನೂ ಒಡೆಯಲಿಲ್ಲವಲ್ಲ ಎಂಬ ಸಂಕಟಕ್ಕೆ ವಿನತೆ ಒಂದು ಮೊಟ್ಟೆಯನ್ನು ತಾನೇ ಒಡೆದಳು. ಅರ್ಧ ಬೆಳೆದ ಅರುಣ ಹೊರಬಂದು ಹೆತ್ತವಳಿಗೇ ಶಾಪ ಕೊಟ್ಟ. ಆಮೇಲೆ ಉಚ್ಚೈಃಶ್ರವಸ್ಸು ಎಂಬ ದೇವಲೋಕದ ಬಿಳಿ ಕುದುರೆಯ ಬಾಲದ ಬಣ್ಣದ ಮೇಲೆ ಪಂಥ ನಡೆಯಿತು. ವಿನತೆ ಬಿಳಿ ಎಂದಳು, ಕದ್ರು ಕಪ್ಪು ಎಂದಳು, ಸೋತವಳು ಗೆದ್ದವಳ ದಾಸಿ. ಬಾಲಕ್ಕೆ ಸುತ್ತಿಕೊಂಡು ಕಪ್ಪು ಮಾಡಿ ಎಂದು ಕದ್ರು ತನ್ನ ಹಾವು ಮಕ್ಕಳನ್ನೇ ಕಳಿಸಿದಳು. ವಿನತೆ ಸೋತು ದಾಸಿಯಾದಳು. ಅವಳ ಇನ್ನೊಬ್ಬ ಮಗ ಗರುಡ ಅಮೃತ ತರುವವರೆಗೂ ಅವಳಿಗೆ ಬಿಡುಗಡೆ ಇರಲಿಲ್ಲ.

ಇದಕ್ಕಿಂತ ಹೆಚ್ಚಿನದನ್ನು ಯಾವ ಸೀರಿಯಲ್ ತೋರಿಸಿದೆ ಹೇಳಿ? ಇದೇ ಕಥೆಯನ್ನು ಯಕ್ಷಗಾನದಲ್ಲಿ ನೋಡಿದರೆ ಕಲೆ ಎನ್ನುತ್ತೇವೆ. ಟೀವಿಯಲ್ಲಿ ಇಂಥದ್ದು ಬಂದರೆ ಮನೆ ಹಾಳು ಎನ್ನುತ್ತೇವೆ. ಇದು ನ್ಯಾಯವಲ್ಲ.

ಅಣ್ಣ-ತಮ್ಮಂದಿರ ಜಗಳಕ್ಕೆ ನಮ್ಮಲ್ಲಿ ಜಾಗವಿದೆ. ಬದುವಿನ ಜಗಳ, ಪಾಲಿನ ಜಗಳ, ಪಂಚಾಯ್ತಿ, ಕೋರ್ಟು. ಅದನ್ನು ಊರೇ ಒಪ್ಪಿಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ಮಾತ್ರ ಹೊಂದಿಕೊಂಡು ಹೋಗಿ ಎಂಬ ಒಂದೇ ಬುದ್ಧಿಮಾತು. ಹೊಟ್ಟೆ ಉರಿದರೂ ಹೇಳುವ ಹಾಗಿಲ್ಲ.

ನಮ್ಮ ಮನೆಯದೇ ಹೇಳುತ್ತೇನೆ. ಅಜ್ಜಿಗೆ ಕಾಯಿಲೆ ಬಂದಾಗ ಅಮ್ಮನನ್ನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಅಡುಗೆ, ಕಸಮುಸುರೆ, ತಂಗಿಯ ಜಡೆ, ಅವಳ ಊಟದ ಡಬ್ಬಿ ಎಲ್ಲವೂ ಅಮ್ಮನ ಪಾಲಿಗೆ ಬಂತು. ಚಿಕ್ಕಮ್ಮ ಓದಿ ಟೀಚರ್ ಆದಳು. ಹಬ್ಬಕ್ಕೆ ಸೇರಿದಾಗ ಇಬ್ಬರೂ ನಗುನಗುತ್ತಲೇ ಇರುತ್ತಿದ್ದರು. ಆದರೆ ಚಿಕ್ಕಮ್ಮ ತಂದುಕೊಟ್ಟ ಸೀರೆಗಳನ್ನು ಅಮ್ಮ ಬೀರುವಿನಲ್ಲಿ ಇಡುತ್ತಿದ್ದಳೇ ಹೊರತು ಉಡುತ್ತಿರಲಿಲ್ಲ.

2022ರಲ್ಲಿ ಕಲರ್ಸ್ ಕನ್ನಡದಲ್ಲಿ 'ಭಾಗ್ಯಲಕ್ಷ್ಮೀ' ಶುರುವಾಯಿತು. ಓದು ಅರ್ಧಕ್ಕೇ ನಿಂತು, ತಂಗಿಯನ್ನು ತಾಯಿಯ ಹಾಗೆ ನೋಡಿಕೊಂಡ ಭಾಗ್ಯ ಮುಂದೆ ಮಗಳ ಜೊತೆಗೇ ಶಾಲೆಗೆ ಹೋಗುತ್ತಾಳೆ. ಸುಷ್ಮಾ ರಾವ್ ಮಾಡಿದ ಆ ಪಾತ್ರ ಅಮ್ಮನಿಗೆ ತುಂಬಾ ಇಷ್ಟ. ಒಂದೇ ತಕರಾರು. ಅವಳಿಗೆ ತಂಗಿಯ ಮೇಲೆ ಸಿಟ್ಟೇ ಬರುವುದಿಲ್ಲವಲ್ಲ!

"ಒಂದು ದಿನಕ್ಕಾದ್ರೂ ಇವಳಿಗೆ ಹೊಟ್ಟೆ ಉರಿಯಲ್ವಾ?" ಎಂದಳು ಅಮ್ಮ. ಪಕ್ಕದಲ್ಲಿ ಚಿಕ್ಕಮ್ಮ ಕೂತಿದ್ದಳು.

"ನಿಂಗೆ ಉರೀತಿತ್ತಾ ಅಕ್ಕ?"

"ಉರೀತಿತ್ತು ಕಣೇ. ನಿನ್ನ ಫೀಸು ಕಟ್ಟೋ ದಿನ ನಾನು ಅಡುಗೆಮನೆಯಿಂದ ಆಚೆಗೇ ಬರ್ತಿರಲಿಲ್ಲ."

ಜಾಹೀರಾತು ಮುಗಿದು ಕಥೆ ಮುಂದುವರಿದರೂ ಇಬ್ಬರೂ ಟೀವಿ ಕಡೆ ತಿರುಗಲಿಲ್ಲ. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಒಂದು ಸೀರಿಯಲ್ ಕೇಳಿಸಿತು. ಅದೂ ಹೇಗೆ? ತೆರೆಯ ಮೇಲಿನ ಅಕ್ಕ ಅತಿ ಒಳ್ಳೆಯವಳಾಗಿದ್ದಕ್ಕೆ. ಅಮ್ಮನಂಥವರಿಗೆ ಬೇಕಾಗಿರುವುದು ತ್ಯಾಗಮಯಿ ಅಕ್ಕ ಅಲ್ಲ. ಹೊಟ್ಟೆ ಉರಿದುಕೊಂಡೂ ತಂಗಿಯ ಡಬ್ಬಿ ಕಟ್ಟಿದ ಅಕ್ಕ.

ಸೀರಿಯಲ್ ನೋಡಿ ಮನೆ ಒಡೆಯುತ್ತದೆ ಎನ್ನುವ ಮಾತಿಗೆ ಏನು ಹೇಳಲಿ? ಟೀವಿ ನೋಡಿ ಯಾರೂ ತಂಗಿಯ ಹಾಲಿಗೆ ವಿಷ ಹಾಕುವುದಿಲ್ಲ. ನೋಡುವ ಹೆಂಗಸರಿಗೆ ಬುದ್ಧಿಯೇ ಇಲ್ಲ ಎಂದುಕೊಂಡವರು ಮಾತ್ರ ಹಾಗೆ ಹೆದರುತ್ತಾರೆ.

ವಿರೋಧ: ಬೇಡ, ಈಗಿನ ರೀತಿಯಲ್ಲಂತೂ ಬೇಡ

ನನಗೆ ವಿರೋಧದ ಕಡೆ ಬರೆಯಲು ಹೇಳಿದ್ದಾರೆ. ಸೀರಿಯಲ್ಲೇ ಬೇಡ ಎನ್ನುವವನು ನಾನಲ್ಲ, ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲೂ ಓಡುತ್ತವೆ. ಅಕ್ಕ-ತಂಗಿ ಜಗಳ ಪುರಾಣದಲ್ಲೂ ಇದೆ, ನಿಜ. ಆದರೆ ಪುರಾಣದ ಜಗಳಕ್ಕೆ ಒಂದು ಕೊನೆ ಇದೆ. ದಿನವೂ ಬರುವ ಕಥೆಗೆ ಕೊನೆ ಕೊಡುವ ಹಾಗಿಲ್ಲ. ಗುರುವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಎಂಬ ಲೆಕ್ಕ ಬರುತ್ತದೆ, ಅದು ಚೆನ್ನಾಗಿದ್ದರೆ ಜಗಳ ಇನ್ನೂ ಬೆಳೆಯುತ್ತದೆ. ಇಬ್ಬರೂ ಕೂತು ಹತ್ತು ನಿಮಿಷ ಮಾತಾಡಿದರೆ ಮುಗಿಯುವ ವಿಷಯವನ್ನು ವರ್ಷಗಟ್ಟಲೆ ಎಳೆಯುತ್ತಾರೆ.

ನನ್ನ ದೊಡ್ಡ ತಕರಾರು ಬೇರೆ. ಈ ಹೊಟ್ಟೆಕಿಚ್ಚಿಗೆ ಕಾರಣ ಯಾವಾಗಲೂ ಒಬ್ಬ ಗಂಡಸು. ಅವನನ್ನು ಯಾರು ಮದುವೆಯಾಗಬೇಕು, ಅಷ್ಟೇ ಕಥೆ. ನಿಜವಾದ ಮನೆಗಳಲ್ಲಿ ಅಕ್ಕ-ತಂಗಿಯರ ನಡುವೆ ಏನು ನಡೆಯುತ್ತದೆ ಎಂದು ಇವರು ನೋಡಿದ್ದಾರಾ?

ಒಂದು ಉದಾಹರಣೆ ಕೊಡುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಈ ಹಕ್ಕು ಇರಲಿಲ್ಲ. ಅಂದರೆ ಒಂದೇ ಮನೆಯಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, ಮದುವೆಯಾಗದ ತಂಗಿಗೆ ಉಂಟು! ಆ ಭೇದ ಹೋಗಿದ್ದು 2005ರಲ್ಲಿ, ಕೇಂದ್ರದ ತಿದ್ದುಪಡಿ ಬಂದ ಮೇಲೆ. ಮಗಳಿಗೆ ಪಾಲು ಸಿಗಬೇಕಾದರೆ ಆ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿತ್ತಾ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಬಗೆಹರಿಸಿತು, ಬೇಕಿಲ್ಲ ಎಂದಿತು. ನನ್ನ ಪಾಲು ಬೇಡ ಎಂದು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಒಬ್ಬಳು ಸಹಿ ಹಾಕುತ್ತಾಳೆ, ಇನ್ನೊಬ್ಬಳು ಹಾಕುವುದಿಲ್ಲ. ತವರಿನ ಬಾಗಿಲು ಒಬ್ಬಳಿಗೆ ತೆರೆದಿರುತ್ತದೆ, ಇನ್ನೊಬ್ಬಳಿಗೆ ಮುಚ್ಚುತ್ತದೆ. ವಯಸ್ಸಾದ ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಎಂಬ ಜಗಳ ಇದರ ಹಿಂದೆಯೇ ಬರುತ್ತದೆ. ಇಂಥ ಕಥೆ ಬಂದರೆ ನಾನೇ ಮೊದಲು ಕೂತು ನೋಡುತ್ತೇನೆ. ತಂಗಿ ಅಕ್ಕನ ಪಾಯಸಕ್ಕೆ ಉಪ್ಪು ಸುರಿಯುವುದನ್ನು ಮೂರು ಮೂಲೆಯಿಂದ ತೋರಿಸುವುದು ಬೇಡ.

ಜಗಳ ಇಲ್ಲದಿದ್ದರೆ ಜನ ನೋಡುವುದಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಬಂತು. ಮೂರೂ ಹೆಣ್ಣು ಹೆತ್ತಳೆಂದು ಗಂಡ ಬಿಟ್ಟುಹೋದ ಪುಟ್ಟಕ್ಕ ಮೆಸ್ ನಡೆಸಿ ಮಕ್ಕಳನ್ನು ಸಾಕುತ್ತಾಳೆ. ಪುಟ್ಟಕ್ಕನಾಗಿ ಉಮಾಶ್ರೀ. ಮೂವರು ಹೆಣ್ಣುಮಕ್ಕಳೂ ಅಮ್ಮನ ಬೆನ್ನಿಗೆ ನಿಂತವರು. ಅದು ಶುರುವಿನಲ್ಲೇ ಟಿಆರ್‌ಪಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆಮೇಲೆ ಅದನ್ನೂ ಎಳೆದರು, ಅದು ಬೇರೆ ಮಾತು. ಮೊದಲ ತಿಂಗಳುಗಳಲ್ಲಿ ಜನ ಕೂತು ನೋಡಿದ್ದು ಒಟ್ಟಿಗಿದ್ದ ಅಕ್ಕ-ತಂಗಿಯರನ್ನೇ.