ಎತ್ತಿ ನೋಡಬೇಡಿ ಮಾರಾಯ್ರೇ

‘ಫೆಲ್ಟ್’ ಆಗಲೆಂದು, ಅಂದರೆ ನೇಯದೆ ಉಜ್ಜಿಯೇ ಬಟ್ಟೆಯಾಗಲೆಂದು, ಸಾಬೂನು ನೀರು ಕುಡಿದ ಉಣ್ಣೆ ಜಗಲಿಯ ಮೇಜಿನ ಮೇಲೆ ಮಲಗಿರುವಾಗ, ಅದರ ಮೂಲೆ ಹಿಡಿದೆತ್ತಿ ‘ಆತನೇ ಇದು?’ (ಆಯಿತೇನೇ ಇದು?) ಎಂದು ಕೇಳುವ ಚಟಕ್ಕೆ ಯಾವ ಪಂಡಿತರ ಹತ್ತಿರವಾದರೂ ಮದ್ದಿದ್ದರೆ ಹೇಳಿ. ಶಿರಸಿ ಕಡೆ ಬಾಗಿಲು ಹಾಕಿಕೊಂಡು ಕೆಲಸ ಮಾಡುವ ಪದ್ಧತಿ ಇಲ್ಲ. ಜಗಲಿಯಲ್ಲಿ ಹರಡಿದ್ದೆಲ್ಲ ಊರಿನದು. ಕವಳ (ಎಲೆ ಅಡಕೆ) ಹಾಕಲು ಬಂದ ಪಕ್ಕದ ಮನೆ ಅತ್ತಿಗೆ ಸುಣ್ಣದ ಬೆರಳನ್ನು ಸೆರಗಿಗೆ ಒರೆಸುತ್ತಲೇ ಇನ್ನೊಂದು ಕೈಯಲ್ಲಿ ಉಣ್ಣೆ ಎತ್ತಿರುತ್ತಾಳೆ.

ಎತ್ತಬಾರದು ಯಾಕೆ ಅನ್ನುವುದಕ್ಕೆ ಕಾರಣವಿದೆ. ಉಣ್ಣೆಯ ಎಳೆಯ ಮೈತುಂಬ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿನೀರು, ಸಾಬೂನು ತಾಗಿದಾಗ ಎಳೆ ಮೆತ್ತಗಾಗಿ ಜಾರುತ್ತದೆ. ಉಜ್ಜಿದಾಗ ಒಂದರ ಹುರುಪೆಗೆ ಇನ್ನೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲಾಗದ ಗಂಟಾಗುತ್ತದೆ. ನೇಯ್ಗೆ ಇಲ್ಲ, ಹೊಲಿಗೆ ಇಲ್ಲ, ಈ ಜಗಳವೇ ಬಟ್ಟೆ. ಜಗಳ ಹದಕ್ಕೆ ಬರುವ ಮೊದಲು ಮೂಲೆ ಎತ್ತಿದರೆ ಪದರಗಳು ಬೇರೆಬೇರೆಯಾಗಿ ಜಾರುತ್ತವೆ, ನಡುವೆ ತೂತು ಬೀಳುತ್ತದೆ. ಅಂಚು ಬಿಡುವ ಮೊದಲೇ ಸಟ್ಟುಗ ಹಾಕಿದ ತೆಳ್ಳೇವಿನ (ತೆಳು ದೋಸೆಯ) ಗತಿಯೇ ಇದರದ್ದೂ. ತೆಳ್ಳೇವಿನ ವಿಷಯದಲ್ಲಿ ಅತ್ತಿಗೆಗೆ ಯಾರೂ ಹೇಳಿಕೊಡಬೇಕಿಲ್ಲ. ಉಣ್ಣೆಯ ಮುಂದೆ ಮಾತ್ರ ಆ ಬುದ್ಧಿ ಅಡುಗೆಮನೆಯಲ್ಲೇ ಉಳಿದುಬಿಡುತ್ತದೆ.

ಚೀಲಕ್ಕಾದರೆ ನಷ್ಟ ಇನ್ನೂ ಹೆಚ್ಚು. 30 ಸೆಂಟಿಮೀಟರ್ ಅಗಲ, 25 ಎತ್ತರದ ಚೀಲ ಬೇಕಿದ್ದರೆ ಎರಡು ಬದಿಗಳು ಒಂದಕ್ಕೊಂದು ಅಂಟದಂತೆ ಒಳಗಿಡುವ ಪ್ಲಾಸ್ಟಿಕ್ ಹಾಳೆಯನ್ನು 43ಕ್ಕೆ 36ರಷ್ಟು ಕತ್ತರಿಸಬೇಕು, ಯಾಕೆಂದರೆ ಉಣ್ಣೆ ನೂರಕ್ಕೆ ಸುಮಾರು ಮೂವತ್ತು ಪಾಲು ಕುಗ್ಗುತ್ತದೆ. ಮೆರಿನೋ ಎಂಬ ಕುರಿಯ ನಯವಾದ ಉಣ್ಣೆ ಒಟ್ಟು 150 ಗ್ರಾಂ; ಒಂದೊಂದು ಬದಿಗೆ ನಾಲ್ಕು ತೆಳು ಪದರ, ಒಂದು ಅಡ್ಡವಾದರೆ ಅದರ ಮೇಲಿನದು ಉದ್ದ. ಅಂಚಿನಾಚೆ ಮೂರು ಸೆಂಟಿಮೀಟರ್ ಚಾಚಿಸಿ, ಒದ್ದೆ ಮಾಡಿ, ಹಾಳೆಯ ಬೆನ್ನಿಗೆ ಮಡಚಬೇಕು. ಆ ಮಡಿಕೆಯೇ ಮುಂದೆ ಚೀಲದ ಪಕ್ಕೆ. ಅತ್ತಿಗೆ ಎತ್ತಿದಾಗ ಒಳಗಿನ ಹಾಳೆ ಜರುಗುತ್ತದೆ, ಪಕ್ಕೆಯಲ್ಲಿ ಬೆರಳು ದಪ್ಪದ ಏಣು ಏಳುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಚೀಲ ಕೊಂಡವರು ‘ಇದು ಡಿಸೈನಾ?’ ಎಂದು ಕೇಳಿದರೆ ಹೌದು ಅನ್ನುವುದೇ ಕ್ಷೇಮ.

ದೊಡ್ಡ ತಕರಾರು ಬರುವುದು ಚಿವುಟುವ ಹೊತ್ತಿಗೆ. ಮೇಲೆ ಸೊಳ್ಳೆಪರದೆಯ ತುಂಡು ಹಾಸಿ, ಕೈ ತಾಳುವಷ್ಟು ಬಿಸಿಯ ಸಾಬೂನು ನೀರು ಚಿಮುಕಿಸಿ, ಮೊದಲು ಸವರಿದ ಹಾಗೆ, ಆಮೇಲೆ ಒತ್ತಿ ಉಜ್ಜಿದ ಬಳಿಕ ಎರಡು ಬೆರಳಲ್ಲಿ ಮೆಲ್ಲಗೆ ಚಿವುಟಿ ಪರೀಕ್ಷೆ ಮಾಡಬೇಕು. ಎಳೆಗಳಷ್ಟೇ ಎದ್ದು ಬಂದರೆ ಇನ್ನೂ ಉಜ್ಜಬೇಕು, ಇಡೀ ಪದರ ಎದ್ದರೆ ಆಯಿತು. ಇದನ್ನು ಅತ್ತಿಗೆ ನೋಡಿಬಿಟ್ಟರೆ ಮುಗಿಯಿತು. ‘ನೀ ಎತ್ತದಾದ್ರೆ ಅಡ್ಡಿಲ್ಯಾ?’ ಚಿವುಟುವುದು ಒಂದು ಸೆಂಟಿಮೀಟರ್, ಅದೂ ನಟ್ಟನಡುವೆ; ನೀನು ಎತ್ತಿದ್ದು ಒಂದು ಗೇಣು, ಅದೂ ಮೂಲೆಯಲ್ಲಿ ಎಂದು ವಾದಿಸುವಷ್ಟರಲ್ಲಿ ನೀರು ಆರುತ್ತದೆ. ಪುಣ್ಯಕ್ಕೆ ಈ ಕಡೆ ಬಿಸಿನೀರಿಗೆ ಬರವಿಲ್ಲ. ಅಡಕೆ ಸಿಪ್ಪೆಯ ಉರಿಯಲ್ಲಿ ಬಚ್ಚಲ ಹಂಡೆ ಕಾಯುತ್ತಲೇ ಇರುತ್ತದೆ.

ನಂತರದ ಕೆಲಸ ಸುತ್ತುವುದು. ಕೊಳವೆಗೆ ಸುರುಳಿ ಸುತ್ತಿ ಉರುಳಿಸಬೇಕು, ಬಿಚ್ಚಿ ದಿಕ್ಕು ಬದಲಿಸಿ ಮತ್ತೆ ಉರುಳಿಸಬೇಕು. ಯಾವ ದಿಕ್ಕಿಗೆ ಉರುಳಿಸುತ್ತೇವೋ ಆ ದಿಕ್ಕಿಗೇ ಉಣ್ಣೆ ಕುಗ್ಗುವುದು. ಒಂದೇ ದಿಕ್ಕಿಗೆ ಹಟ ಹಿಡಿದರೆ ಚೀಲ ಕುಳ್ಳಗಾಗಿ ಕೂರುತ್ತದೆ. ಬಾಯಿ ಕತ್ತರಿಸಿ, ಹಾಳೆ ತೆಗೆದು, ಸಾಬೂನು ಪೂರ್ತಿ ಹೋಗುವ ತನಕ ತೊಳೆದು, ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಬೇಕು. ಸಾಬೂನಿನ ಕ್ಷಾರ ಉಳಿದರೆ ಉಣ್ಣೆ ಒರಟಾಗುತ್ತದೆ. ಹುಳಿ ಎಂದ ಕೂಡಲೇ ಕೆಂಪು ಬಣ್ಣ ಬಿಡುವ ಮುರುಗಲು (ಕೋಕಂ) ಸಿಪ್ಪೆ ತಂದುಕೊಡುವವರೂ ಇದ್ದಾರೆ. ಬಿಳಿ ಉಣ್ಣೆ ಬಿಳಿಯಾಗಿಯೇ ಇರಬೇಕೆಂದಿದ್ದರೆ ಅವರಿಗೆ ಶರಬತ್ತು ಮಾಡಿಕೊಟ್ಟು ಕಳಿಸಿ.

ಇನ್ನು ಒಣಗಿಸುವುದು. ‘ಗಾಳಿಯಾಡುವ ನೆರಳಲ್ಲಿ ಒಣಗಿಸಿ’ ಎಂದು ಬರೆದವರು ಜುಲೈಯಲ್ಲಿ ಘಟ್ಟದ ಈ ಬದಿಗೆ ಬಂದವರಲ್ಲ. ನೆರಳು ಬೇಕಾದಷ್ಟಿದೆ, ಗಾಳಿಯೂ ಇದೆ, ಆದರೆ ಆ ಗಾಳಿಯೇ ನೀರು. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನ ಹತ್ತಿರ ತೇವ ಹೀರಿದರೂ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಹಾಗಾಗಿ ಕೈಯನ್ನು ನಂಬದೆ ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ. ತೂಕ ಇಳಿಯುವುದು ನಿಂತಾಗ ಒಣಗಿತು ಎಂದು ಲೆಕ್ಕ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಬೇಗ ಒಣಗುತ್ತದೆ ನಿಜ. ಆದರೆ ಹೊಗೆಯ ವಾಸನೆ ಚೀಲ ಹರಿಯುವವರೆಗೆ ಜೊತೆಗಿರುತ್ತದೆ.

ಹಾಗೆಂದು ಈ ಮಳೆಗೂ ಉಣ್ಣೆಗೂ ಹಳೆಯ ದ್ವೇಷವೇನಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಇಡೀ ಮಳೆಗಾಲ ಗದ್ದೆಯಲ್ಲಿ ಬಾಗಿದ ಬೆನ್ನುಗಳೆಷ್ಟೋ. ನೆನೆದರೆ ಭಾರ, ಆದರೂ ಒಳಗೆ ಬೆಚ್ಚಗೆ. ಈಗ ಬೆನ್ನ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ. ಹೊರಗಿನಿಂದ ನೀರು ಬರುವುದಿಲ್ಲ, ಒಳಗಿನ ಬೆವರು ಹೊರಗೆ ಹೋಗುವುದಿಲ್ಲ. ಕಂಬಳಿಗೆ ಬಳಸುವ ದಖನಿ ಕುರಿಯ ಒರಟು ಉಣ್ಣೆಗೆ ಮೆರಿನೋದಷ್ಟು ಬೇಗ ಗಂಟು ಬೀಳುವ ಅವಸರವೂ ಇರಲಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ ಅತ್ತಿಗೆ ಚೀಲವನ್ನು ತಿರುಗಿಸಿ, ಒಳಗೆ ಕೈ ಹಾಕಿ, ಬೇಡವೆಂದರೂ ಎರಡೂ ಕಡೆ ಜಗ್ಗಿ ನೋಡುತ್ತಾಳೆ. ಪೇಟೆಯಲ್ಲಿ ಹಾಳೆಗೆ ಹತ್ತು ರೂಪಾಯಿಯ ಫೆಲ್ಟ್ ಸಿಗುತ್ತದಂತಲ್ಲ ಅನ್ನುತ್ತಾಳೆ. ಅದು ಪಾಲಿಯೆಸ್ಟರ್, ಒಂದು ದಾರಕ್ಕೆ ಬೆಂಕಿ ತಾಗಿಸಿದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅದನ್ನೆಲ್ಲ ತಲೆಯಾಡಿಸಿ ಕೇಳಿ, ಕೊನೆಗೊಂದು ಪ್ರಶ್ನೆ: ‘ವಾಷಿಂಗ್ ಮಷೀನಿಗೆ ಹಾಕಲಕ್ಕಾ?’

ಹಾಕಲಕ್ಕು ಅತ್ತಿಗೆ. ಬಿಸಿನೀರು, ಸಾಬೂನು, ತಿರುಗಾಟ ಮೂರೂ ಅಲ್ಲಿವೆ. ಮೊಬೈಲ್ ಹಿಡಿಸುವಷ್ಟು ಚೀಲ ಹೊರಗೆ ಬರುತ್ತದೆ.