ಲ್ಯಾಬ್ ಮಾಂಸ: ‘ಛೀ’ ಅನ್ನೋದು ಬರೀ ಅಭ್ಯಾಸವಾ?

ಹಸುವಿನ ಮೈಯಿಂದ ಕಾಳಿನಷ್ಟು ಮಾಂಸ ತೆಗೆದು, ಅದರ ಜೀವಕೋಶಗಳನ್ನು ಸ್ಟೀಲ್ ಟ್ಯಾಂಕಿನಲ್ಲಿ ಬೆಳೆಸಿ, ಬೇಯಿಸಿ ತಟ್ಟೆಗೆ ಹಾಕಿದರೆ ತಿನ್ನುತ್ತೀರಾ? ಕೇಳಿ ನೋಡಿ. ಎಷ್ಟೋ ಜನರ ಬಾಯಿಂದ ಮೊದಲು ಬರುವುದು ಒಂದು ‘ಛೀ’. ಕಾರಣ ಆಮೇಲೆ ಹುಡುಕುತ್ತಾರೆ. ಆ ‘ಛೀ’ಯನ್ನು ದಾಟಿ ತಿನ್ನಬೇಕಾ, ಇಲ್ಲಾ ಅದರ ಮಾತು ಕೇಳಿ ದೂರ ಇರಬೇಕಾ? ಎರಡೂ ಕಡೆಯಿಂದ ಬರೆದು ನೋಡಿದ್ದೇನೆ. ಎರಡನೆಯದನ್ನು ಬರೆಯುವಾಗ ಕೈ ಸ್ವಲ್ಪ ಸರಾಗವಾಗಿ ಓಡಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪರ: ಮಾರ್ಗರೀನನ್ನೂ ಹೀಗೇ ಬೈದಿದ್ದರು

1869ರಲ್ಲಿ ಫ್ರಾನ್ಸಿನ ಒಬ್ಬ ರಸಾಯನಶಾಸ್ತ್ರಜ್ಞ ದನದ ಕೊಬ್ಬಿನಿಂದ ಬೆಣ್ಣೆಯಂಥ ಒಂದು ಪದಾರ್ಥ ಮಾಡಿದ. ಅದೇ ಮಾರ್ಗರೀನ್. ಬೆಣ್ಣೆಗಿಂತ ಅಗ್ಗ, ಬೇಗ ಕೆಡುವುದಿಲ್ಲ. ಹೈನುಗಾರರು ಸುಮ್ಮನಿರುತ್ತಾರಾ? ಅಮೆರಿಕ 1886ರಲ್ಲಿ ಅದರ ಮೇಲೆ ತೆರಿಗೆ ಹಾಕಿತು. ಅಲ್ಲಿನ ಕೆಲವು ರಾಜ್ಯಗಳಂತೂ ಮಾರ್ಗರೀನ್ ಮಾರಬೇಕಾದರೆ ಗುಲಾಬಿ ಬಣ್ಣ ಹಾಕಲೇಬೇಕು ಅಂತ ಕಾನೂನು ಮಾಡಿದವು. ನೋಡಿದವರಿಗೆ ಹೇಸಿಗೆ ಆಗಲಿ ಅಂತಲೇ! 1898ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಬೇಕಾಯಿತು. ಕೆನಡಾದಲ್ಲಿ ಮೊದಲ ಮಹಾಯುದ್ಧದ ಹೊತ್ತಿನ ಕೆಲವು ವರ್ಷ ಬಿಟ್ಟರೆ 1886ರಿಂದ 1948ರವರೆಗೂ ಮಾರ್ಗರೀನ್ ನಿಷೇಧ. ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಹಳದಿ ಬಣ್ಣದ ಮಾರ್ಗರೀನ್ ಮಾರಲು 2008ರವರೆಗೆ ಕಾಯಬೇಕಾಯಿತು ಅಂದರೆ ನೀವೇ ಲೆಕ್ಕ ಹಾಕಿ.

ಈಗ ಲ್ಯಾಬ್ ಮಾಂಸದ ಕಡೆ ನೋಡಿ. ಇಟಲಿ 2023ರ ನವೆಂಬರ್‌ನಲ್ಲಿ ಅದನ್ನು ಮಾಡುವುದನ್ನೂ ಮಾರುವುದನ್ನೂ ನಿಷೇಧಿಸಿತು. 2024ರಲ್ಲಿ ಅಮೆರಿಕದ ಫ್ಲೋರಿಡಾ, ಅಲಬಾಮಾ ಅದೇ ದಾರಿ ಹಿಡಿದವು. ಜನರ ಆರೋಗ್ಯ, ನಮ್ಮ ಸಂಸ್ಕೃತಿ ಅಂತ ಭಾಷಣ ಬಿಗಿಯುತ್ತಾರೆ. ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುವವರು ದನ ಸಾಕುವವರ ಸಂಘದವರು. ಯಾರೂ ತಿನ್ನಲ್ಲ ಅನ್ನುವ ಪದಾರ್ಥಕ್ಕೆ ನಿಷೇಧ ಯಾಕೆ? ಸುಮ್ನೆ ಬಿಟ್ಟರೆ ತಾನಾಗೇ ಸಾಯುತ್ತದಲ್ವಾ?

ಇನ್ನು ‘ಲ್ಯಾಬ್’ ಅನ್ನುವ ಪದ. ಅದೇ ಅರ್ಧ ಹೇಸಿಗೆ ತರುತ್ತದೆ. ಬಿಳಿ ಕೋಟು, ಗಾಜಿನ ಬಾಟಲಿ, ಏನೋ ಕಟುವಾಸನೆ ಕಣ್ಣ ಮುಂದೆ ಬಂದುಬಿಡುತ್ತದೆ. ಆದರೆ 1982ಕ್ಕೆ ಮುಂಚೆ ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುತ್ತಿದ್ದ ಇನ್ಸುಲಿನ್ ಬರುತ್ತಿದ್ದುದು ಹಂದಿ, ದನಗಳ ಮೇದೋಜೀರಕದಿಂದ. ಆ ವರ್ಷ ಬ್ಯಾಕ್ಟೀರಿಯಾದೊಳಗೆ ತಯಾರಾದ ಇನ್ಸುಲಿನ್ ಬಂತು. ಇವತ್ತು ಅದನ್ನು ತೆಗೆದುಕೊಳ್ಳುವಾಗ ಯಾರಿಗೂ ಟ್ಯಾಂಕು ನೆನಪಾಗುವುದಿಲ್ಲ. ಔಷಧಿ ಬೇರೆ, ಊಟ ಬೇರೆ ಅಂತೀರಾ? ಸರಿ, ಚೀಸ್ ತಗೊಳ್ಳಿ. ಅದರ ಹಾಲು ಗಟ್ಟಿಯಾಗಲು ಬೇಕಾದ ರೆನೆಟ್ ಅನ್ನು ಹಿಂದೆ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. 1990ರಲ್ಲಿ ಅಮೆರಿಕ ಸೂಕ್ಷ್ಮಜೀವಿಗಳಿಂದ ಮಾಡಿದ ಅದೇ ಕಿಣ್ವಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಚೀಸ್ ತಿನ್ನುವ ಬಹಳ ಜನ ತಮಗೆ ಗೊತ್ತೇ ಇಲ್ಲದೆ ಟ್ಯಾಂಕಿನಲ್ಲಿ ಹುಟ್ಟಿದ ಪದಾರ್ಥವನ್ನೇ ತಿನ್ನುತ್ತಿದ್ದಾರೆ.

ಹೇಸಿಗೆಯ ಮಾತು ಬಂತಲ್ಲ, ಒಂದು ವಿಷಯ ಕೇಳಲೇಬೇಕು. ಕಸಾಯಿಖಾನೆಯ ನೆಲ ನೋಡಿದ್ದೀರಾ? ಕಾಲಿಡಲು ಜಾಗವಿಲ್ಲದಂತೆ ತುಂಬಿದ ಕೋಳಿಶೆಡ್ಡಿನೊಳಗೆ ಐದು ನಿಮಿಷ ನಿಂತಿದ್ದೀರಾ? ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ. ಮಾಂಸಕ್ಕಾಗಿ ವರ್ಷಕ್ಕೆ 7,000 ಕೋಟಿಗೂ ಜಾಸ್ತಿ ಪ್ರಾಣಿ-ಪಕ್ಷಿಗಳನ್ನು ಕೊಲ್ಲುತ್ತಾರೆ, ಅದರಲ್ಲಿ ಬಹುಪಾಲು ಕೋಳಿ. ಕಾಯಿಲೆ ಬೀಳದಿರಲಿ, ಬೇಗ ಬೆಳೆಯಲಿ ಅಂತ ಅವುಗಳಿಗೆ ಕೊಡುವ ಆಂಟಿಬಯೋಟಿಕ್‌ನಿಂದ ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟುತ್ತಿವೆ. ದನಗಳ ಹೊಟ್ಟೆಯಿಂದ ಬರುವ ಮೀಥೇನ್ ಭೂಮಿಯನ್ನು ಬಿಸಿ ಮಾಡುತ್ತಿದೆ. ಇಷ್ಟಕ್ಕೆಲ್ಲ ಬಾರದ ‘ಛೀ’ ಒಂದು ಸ್ವಚ್ಛ ಟ್ಯಾಂಕ್ ಕಂಡ ಕೂಡಲೇ ಬರುತ್ತದೆ. ಯಾಕೆಂದರೆ ಅದು ಹೊಸದು, ಇದು ಹಳೆಯದು. ಅಷ್ಟೇ.

ಕ್ಯಾನ್ಸರ್ ಬರುತ್ತೆ ಅನ್ನುವ ಪುಕಾರು ಬೇರೆ. ಕೆಲವು ಕಂಪನಿಗಳು ನಿಲ್ಲದೆ ವಿಭಜನೆಯಾಗುವ ಜೀವಕೋಶ ಬಳಸುತ್ತವೆ, ಅದರಿಂದ ಹುಟ್ಟಿದ ಭಯ ಇದು. ಆದರೆ ಟ್ಯಾಂಕಿನಿಂದ ಹೊರಗೆ ಬಂದ ಕೋಶ ತುಂಬಾ ಹೊತ್ತು ಬದುಕುವುದಿಲ್ಲ, ಬಾಣಲೆಯಲ್ಲಿ ಬೆಂದ ಮೇಲೆ ಪೂರ್ತಿ ಸತ್ತಿರುತ್ತದೆ, ಹೊಟ್ಟೆಗೆ ಹೋದರೆ ಉಳಿದ ಪ್ರೋಟೀನಿನ ಹಾಗೇ ಜೀರ್ಣವಾಗುತ್ತದೆ. ಸಿಂಗಾಪುರ 2020ರ ಡಿಸೆಂಬರ್‌ನಲ್ಲಿ, ಅಮೆರಿಕ 2023ರ ಜೂನ್‌ನಲ್ಲಿ ಟ್ಯಾಂಕಿನ ಕೋಳಿ ಮಾಂಸ ಮಾರಲು ಒಪ್ಪಿದ್ದು ಕಡತ ಪರಿಶೀಲಿಸಿಯೇ. ಇಷ್ಟವಿಲ್ಲದವರು ತಿನ್ನದಿರಲಿ. ಆದರೆ ತಿನ್ನುವವರ ತಟ್ಟೆ ಕಿತ್ತುಕೊಳ್ಳುವ ಹಕ್ಕು ‘ಛೀ’ಗೆ ಇಲ್ಲ.

ವಿರೋಧ: ಮಾರ್ಗರೀನ್ ಕಥೆಯ ಉಳಿದರ್ಧ

ಮೇಲಿನ ಮಾರ್ಗರೀನ್ ಕಥೆಯನ್ನು ಅಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿಯೇ ಇದೆ. ಆದರೆ ಮುಂದೆ ಏನಾಯಿತು ಗೊತ್ತಲ್ವಾ? ದನದ ಕೊಬ್ಬು ಹೋಗಿ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ಎಣ್ಣೆ ಬಂತು. ಬೆಣ್ಣೆಗಿಂತ ಹೃದಯಕ್ಕೆ ಒಳ್ಳೆಯದು ಅಂತ ಹೇಳಿ ಹೇಳಿ ಮಾರಿದರು. ಆಮೇಲೆ ಅದರೊಳಗಿನ ಟ್ರಾನ್ಸ್ ಕೊಬ್ಬು ಹೃದಯಕ್ಕೇ ಕುತ್ತು ಅಂತ ಗೊತ್ತಾಯಿತು. ಆ ಎಣ್ಣೆಯನ್ನು ಸುರಕ್ಷಿತ ಅನ್ನಲಾಗದು ಅಂತ ಅಮೆರಿಕದ ಆಹಾರ ಇಲಾಖೆ ತೀರ್ಮಾನ ಮಾಡಿದ್ದು 2015ರಲ್ಲಿ. ಅಷ್ಟರೊಳಗೆ ಎರಡು ಮೂರು ತಲೆಮಾರು ತಿಂದು ಮುಗಿಸಿತ್ತು. ಗುಲಾಬಿ ಬಣ್ಣ ಹಾಕಿಸಿದವರು ಸ್ವಾರ್ಥಿಗಳೇ, ಒಪ್ಪಿದೆ. ಆದರೆ ಹೊಸದನ್ನು ಕಂಡು ಸ್ವಲ್ಪ ತಡೆದು ನಿಂತವರೆಲ್ಲ ದಡ್ಡರು ಅನ್ನಲು ಈ ಕಥೆ ಸಾಕ್ಷಿ ಹೇಳುವುದಿಲ್ಲ.

ಟ್ಯಾಂಕ್ ಸ್ವಚ್ಛ ಅಂದರಲ್ಲ, ಅದರೊಳಗೆ ಏನು ನಡೆಯುತ್ತದೆ ನೋಡೋಣ. ಬೆಚ್ಚಗೆ, ಸುಮಾರು 37 ಡಿಗ್ರಿ. ಸಕ್ಕರೆ, ಅಮೈನೋ ಆಮ್ಲ, ವಿಟಮಿನ್ ಎಲ್ಲ ಕರಗಿದ ನೀರು. ಪ್ರಾಣಿಯ ಕೋಶ ಒಂದು ಎರಡಾಗಲು ಹೆಚ್ಚುಕಮ್ಮಿ ಒಂದು ದಿನ ಬೇಕು. ಆ ನೀರಿಗೆ ಎಲ್ಲಿಂದಲೋ ಒಂದು ಬ್ಯಾಕ್ಟೀರಿಯಾ ಬಿತ್ತು ಅನ್ನಿ, ಅದು ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಹಸುವಿನ ಮೈಯಲ್ಲಾದರೆ ರೋಗದ ವಿರುದ್ಧ ಕಾದಾಡುವ ಬಿಳಿ ರಕ್ತಕಣಗಳಿವೆ, ಟ್ಯಾಂಕಿಗೆ ಯಾರಿದ್ದಾರೆ? ಬೆಳಗಾಗುವಷ್ಟರಲ್ಲಿ ಇಡೀ ಟ್ಯಾಂಕ್ ಚರಂಡಿಗೆ. ಅದಕ್ಕೇ ಔಷಧಿ ಕಾರ್ಖಾನೆಯ ಮಟ್ಟದ ಶುದ್ಧಿ ಬೇಕಾಗುತ್ತದೆ, ಆ ಶುದ್ಧಿಗೆ ವಿಪರೀತ ವಿದ್ಯುತ್ ಬೇಕಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2023ರಲ್ಲಿ ಲೆಕ್ಕ ಹಾಕಿದರು: ಪೋಷಕ ದ್ರವವನ್ನು ಔಷಧಿಯಷ್ಟೇ ಶುದ್ಧ ಮಾಡಬೇಕಾಗಿ ಬಂದರೆ, ಈ ಮಾಂಸದಿಂದ ಭೂಮಿ ಬಿಸಿಯಾಗುವುದು ಅಂಗಡಿಯ ದನದ ಮಾಂಸಕ್ಕಿಂತ 4ರಿಂದ 25 ಪಟ್ಟು ಜಾಸ್ತಿ. ಅಷ್ಟು ಶುದ್ಧಿ ಬೇಡ, ಆಹಾರದ ಮಟ್ಟದ್ದೇ ಸಾಕು ಅಂತ ಕಂಪನಿಗಳು ಹೇಳುತ್ತವೆ. ಇರಬಹುದು. ಆದರೆ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸುವ ತನಕ ಭೂಮಿ ಉಳಿಸುವ ಮಾತು ಬರೀ ಮಾತೇ.

ಪ್ರಾಣಿ ದಯೆಯ ವಿಷಯಕ್ಕೆ ಬರೋಣ, ನನಗೆ ಸಿಟ್ಟು ಬರುವುದು ಇಲ್ಲೇ. 2013ರ ಆಗಸ್ಟ್‌ನಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿ ಮಾರ್ಕ್ ಪೋಸ್ಟ್ ಲಂಡನ್ನಿನಲ್ಲಿ ಕ್ಯಾಮೆರಾಗಳ ಮುಂದೆ ಮೊದಲ ಲ್ಯಾಬ್ ಬರ್ಗರ್ ತೋರಿಸಿದರು. ಸುಮಾರು 20,000 ಸಣ್ಣ ಸ್ನಾಯು ಎಳೆಗಳನ್ನು ಒತ್ತಿ ಮಾಡಿದ ಬಿಲ್ಲೆ ಅದು, ಖರ್ಚು ಎರಡೂವರೆ ಲಕ್ಷ ಯೂರೋ. ಎಳೆಗಳಿಗೆ ಮಾಂಸದ ಬಣ್ಣ ಇರಲಿಲ್ಲ. ಬೀಟ್‌ರೂಟ್ ರಸ, ಕೇಸರಿ ಬೆರೆಸಿ ಕೆಂಪಗೆ ಮಾಡಿದ್ದರು. ತಿಂದು ನೋಡಿದವರು ಮಾಂಸಕ್ಕೆ ಹತ್ತಿರ ಇದೆ, ಆದರೆ ಕೊಬ್ಬಿಲ್ಲ, ರಸವಿಲ್ಲ ಅಂದರು. ರುಚಿ ಬಿಡಿ, ಅದು ಮೊದಲ ಪ್ರಯತ್ನ. ಆ ಎಳೆಗಳು ಬೆಳೆದದ್ದು ಯಾವುದರಲ್ಲಿ? ಗಬ್ಬದ ಹಸುವನ್ನು ಕೊಂದಾಗ ಹೊಟ್ಟೆಯೊಳಗಿದ್ದ ಕರುವಿನ ಹೃದಯಕ್ಕೆ ಸೂಜಿ ಚುಚ್ಚಿ ತೆಗೆದ ರಕ್ತದ ಸೀರಮ್, ಅಂದರೆ ರಕ್ತದ ತಿಳಿ, ಬೆರೆಸಿದ ದ್ರವದಲ್ಲಿ. 2020ರಲ್ಲಿ ಸಿಂಗಾಪುರದಲ್ಲಿ ಒಪ್ಪಿಗೆ ಸಿಕ್ಕ ಕೋಳಿಗೂ ಮೊದಲು ಬಳಸಿದ್ದು ಅದನ್ನೇ. ಸೀರಮ್ ಇಲ್ಲದ ವಿಧಾನಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಈಗ ಬಹಳಷ್ಟು ಕಂಪನಿಗಳು ಸೀರಮ್ ಬಳಸುವುದನ್ನು ಬಿಟ್ಟಿವೆ, ಒಳ್ಳೆಯದೇ. ಆದರೆ ‘ಕೊಲ್ಲದೆ ಸಿಗುವ ಮಾಂಸ’ ಅಂತ ಡಂಗುರ ಸಾರಿದ್ದು ಅದನ್ನು ಬಿಡುವ ಮುಂಚೆಯೇ.

ಅದಕ್ಕೇ ನಾನು ಹೇಳುವುದು, ಜನರ ಅನುಮಾನ ಮಾಂಸದ ಮೇಲೆ ಇರುವುದಕ್ಕಿಂತ ಜಾಸ್ತಿ ಮಾತಿನ ಮೇಲಿದೆ. ಹೆಸರುಗಳನ್ನೇ ನೋಡಿ. ಮೊದಲು ಲ್ಯಾಬ್ ಮಾಂಸ. ಆಮೇಲೆ ‘ಶುದ್ಧ ಮಾಂಸ’ ಅಂದರು, ಹಾಗಾದರೆ ಉಳಿದದ್ದೆಲ್ಲ ಹೊಲಸಾ ಅಂತ ಕೇಳುವವರು ಹುಟ್ಟಿಕೊಂಡರು. ಈಗ ‘ಕೃಷಿ ಮಾಡಿದ ಮಾಂಸ’ ಅನ್ನುವ ಅರ್ಥದ ಹೆಸರು ಓಡುತ್ತಿದೆ. ಯಾವ ಹೆಸರಿಟ್ಟರೆ, ಯಾವ ರೀತಿ ವಿವರಿಸಿದರೆ ಜನ ಜಾಸ್ತಿ ಒಪ್ಪುತ್ತಾರೆ ಅಂತ ಸಂಶೋಧನೆಗಳೇ ನಡೆದಿವೆ, ಹೈಟೆಕ್ ಅಂತ ಹೇಳಿದರೆ ಜನ ಹಿಂದೆ ಸರಿಯುತ್ತಾರೆ ಅಂತಲೂ ಗೊತ್ತಾಗಿದೆ. ಅಂದಮೇಲೆ ಹೈಟೆಕ್ ಅನ್ನುವುದನ್ನು ಮುಚ್ಚಿಡುವುದು ಲಾಭ, ಅಲ್ವಾ? ಮುಚ್ಚಿಟ್ಟಷ್ಟೂ ಜನ ಮೂಸಿ ನೋಡುತ್ತಾರೆ.

ಸಮೀಕ್ಷೆಗಳಲ್ಲಿ ಇನ್ನೊಂದು ತಮಾಷೆ ಮತ್ತೆ ಮತ್ತೆ ಕಾಣುತ್ತದೆ. ಪ್ರಾಣಿಗಳಿಗೆ ಇದರಿಂದ ಒಳ್ಳೆಯದು ಅಂತ ಮನಸಾರೆ ಒಪ್ಪುವವರು ಸಸ್ಯಾಹಾರಿಗಳು, ಆದರೆ ಅವರು ತಿನ್ನಲ್ಲ. ತಿಂದು ನೋಡ್ತೀನಿ ಅನ್ನುವವರು ಮಾಂಸಾಹಾರಿಗಳು, ಆದರೆ ಅವರಿಗೆ ಹಳೆಯ ಮಾಂಸ ಸಿಗುತ್ತಲೇ ಇದೆ, ಅದೂ ಅಗ್ಗವಾಗಿ. ಒಂದ್ಸಲ ರುಚಿ ನೋಡುವುದಕ್ಕೂ ವಾರ ವಾರ ಮನೆಗೆ ತರುವುದಕ್ಕೂ ಬಹಳ ದೂರ ಇದೆ.

ಚರ್ಚಿಲ್ 1931ರಲ್ಲೇ ಬರೆದಿದ್ದರು, ಇನ್ನು 50 ವರ್ಷದಲ್ಲಿ ಎದೆಭಾಗ, ರೆಕ್ಕೆ ತಿನ್ನಲು ಇಡೀ ಕೋಳಿ ಸಾಕುವ ಹುಚ್ಚಾಟ ತಪ್ಪುತ್ತದೆ, ಬೇಕಾದ ಭಾಗವನ್ನೇ ಬೆಳೆಸಿಕೊಳ್ಳುತ್ತೇವೆ ಅಂತ. 1981 ಬಂತು, ಹೋಯಿತು. 2024ರಲ್ಲಿ ಸಿಂಗಾಪುರದ ಒಂದು ಅಂಗಡಿಯಲ್ಲಿ ಜಗತ್ತಿನಲ್ಲೇ ಮೊದಲ ಸಲ ಲ್ಯಾಬ್ ಕೋಳಿ ಪ್ಯಾಕೆಟ್ ಮಾರಾಟಕ್ಕೆ ಬಂತು. ಫ್ರಿಜ್‌ನಿಂದ ತೆಗೆದು, ಮನೆಗೆ ಒಯ್ದು ನೀವೇ ಬೇಯಿಸಿಕೊಳ್ಳುವಂಥದ್ದು. ಅದರಲ್ಲಿ ಕೋಳಿಯ ಕೋಶ ಎಷ್ಟಿತ್ತು? ಶೇಕಡಾ 3. ಉಳಿದದ್ದು ಬಹುಪಾಲು ಗಿಡದ ಪ್ರೋಟೀನ್. ಅದನ್ನು ಮಾರಿದವರು ಹೆಸರಿನಲ್ಲೇ 3 ಅಂತ ಹಾಕಿದ್ದರು, ಆ ಪ್ರಾಮಾಣಿಕತೆ ಮೆಚ್ಚಬೇಕು. ಉಳಿದವರೂ ಹಾಗೇ ಬರೆಯಲಿ: ಕೋಶ ಎಷ್ಟು, ಯಾವ ಪ್ರಾಣಿಯದು, ಯಾವುದರಲ್ಲಿ ಬೆಳೆಯಿತು, ಕರೆಂಟ್ ಎಷ್ಟು ಕುಡಿಯಿತು. ನನ್ನ ‘ಛೀ’ಯ ಮಾತು ಆಮೇಲೆ ಆಡೋಣ.